ಓಲೆಗರಿ, ನಕಲು ಮತ್ತು ಒಡೆತನ

ಬೆಳಗಾವಿಯ ಎರಡು ಜೈನ ಶಾಸನಗಳು ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಆಳಿಕೆಯಲ್ಲಿ, ಕ್ರಿ.ಶ. 1204ರಲ್ಲಿ, ಬೀಚಣನು ವೇಣುಗ್ರಾಮದಲ್ಲಿ ಕಟ್ಟಿಸಿದ ರಟ್ಟಜಿನಾಲಯಕ್ಕೆ ಸಂದ ದಾನಗಳನ್ನು ಅವು ದಾಖಲಿಸುತ್ತವೆ. ಕೋಟೆಯೊಳಗಿನ ಕಮಲ ಬಸದಿಯೇ ಆ ಜಿನಾಲಯವೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ ಮಾತು. ಎಲ್.ಡಿ. ಬಾರ್ನೆಟ್ ಅವರು ಈ ಶಾಸನಗಳನ್ನು 'ಎಪಿಗ್ರಾಫಿಯಾ ಇಂಡಿಕಾ'ದ 13ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಆ ಸಂಪುಟವನ್ನು ಇಂದು ಸದಾಶಿವನಗರದ ನನ್ನ ಮನೆಯಲ್ಲಿ ಕುಳಿತು ಅಂತರ್ಜಾಲದಲ್ಲಿ ಯಾರ ಅನುಮತಿಯೂ ಇಲ್ಲದೆ ಓದುತ್ತೇನೆ.

ಈ ಒಂದು ಸಂಗತಿಯಲ್ಲಿ ಮೂರು ಬಗೆಯ ಒಡೆತನಗಳು ಹೆಣೆದುಕೊಂಡಿವೆ. ಕಲ್ಲು ಒಂದು ವಸ್ತು. ಅದು ಲಂಡನ್ನಿನಲ್ಲಿದೆ, ಅದರ ಮೇಲಿನ ಹಿಡಿತ ಅಲ್ಲಿಯವರದು. ಕಲ್ಲಿನ ಮೇಲಿನ ಪಾಠ ಎಂಟುನೂರು ವರ್ಷ ಹಳೆಯದು. ಅದಕ್ಕೆ ಯಾರೂ ಒಡೆಯರಲ್ಲ. ಆದರೆ ಕಲ್ಲಿನ ಛಾಯಾಚಿತ್ರ? ಆ ವಸ್ತುಸಂಗ್ರಹಾಲಯ ತನ್ನ ಚಿತ್ರಗಳನ್ನು ಕ್ರಿಯೇಟಿವ್ ಕಾಮನ್ಸಿನ ವಾಣಿಜ್ಯೇತರ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಡುತ್ತದೆ. ತರಗತಿಯಲ್ಲಿ ತೋರಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಮುನ್ನೂರು ಪ್ರತಿ ಅಚ್ಚು ಹಾಕಿ, ಇನ್ನೂರು ರೂಪಾಯಿ ಬೆಲೆಯಿಟ್ಟು, ಅರ್ಧ ಪ್ರತಿಗಳನ್ನು ಸ್ನೇಹಿತರಿಗೆ ಹಂಚಿ ಮುಗಿಸುವ ನಮ್ಮ ಕನ್ನಡ ಸಂಶೋಧನ ಗ್ರಂಥ ವಾಣಿಜ್ಯವೋ ವಾಣಿಜ್ಯೇತರವೋ? ಅಂಥ ಪುಸ್ತಕ ಬರೆದವರಿಗೆ ಉತ್ತರ ಗೊತ್ತು. ಕಾನೂನಿನ ಭಾಷೆಗೆ ಮಾತ್ರ ಅದು ಸುಲಭವಾಗಿ ತಿಳಿಯುವುದಿಲ್ಲ.

ನಾನು ವಕೀಲನಲ್ಲ, ಕನ್ನಡ ಕಲಿಸುವವನು. ಆದರೂ ಇತ್ತೀಚಿನ ವರ್ಷಗಳಲ್ಲಿ ಹಳಗನ್ನಡ ಕಾವ್ಯದ ಪ್ರಶ್ನೆಗಳಿಗಿಂತ ಹೆಚ್ಚಾಗಿ ನನ್ನ ಸಂಶೋಧನ ವಿದ್ಯಾರ್ಥಿಗಳು ಕೇಳುವುದು ಇಂಥವನ್ನೇ: ಈ ಪುಸ್ತಕವನ್ನು ಸ್ಕ್ಯಾನ್ ಮಾಡಬಹುದೇ, ಆ ಹಸ್ತಪ್ರತಿಯ ಫೋಟೊ ಪ್ರಕಟಿಸಬಹುದೇ, ಪೀಠಿಕೆಯನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಬಹುದೇ. ಉತ್ತರ ಹುಡುಕುತ್ತ ಹೋದವನಿಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಖಾನಾಪುರ ತಾಲ್ಲೂಕಿನ ಹಲಸಿಯಿಂದಲೇ ತೊಡಗಬಹುದು. ಕದಂಬರ ಕಾಲದ ಪಲಾಶಿಕೆ ಅದು. ಅಲ್ಲಿ ದೊರೆತ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಕಟಿಸಿದರು. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಕೊಟ್ಟ ಭೂಮಿ, ಮೃಗೇಶವರ್ಮನು ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಕಟ್ಟಿಸಿದ ಜಿನಾಲಯ, ರವಿವರ್ಮನು ಜಿನೇಂದ್ರ ಮಹೋತ್ಸವಕ್ಕೆ ಮಾಡಿದ ಏರ್ಪಾಡು, ಇವೆಲ್ಲ ಅವುಗಳಲ್ಲಿವೆ. ಇಂಥ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯ ಶಾಸನ ಓದುವವರಿಗೆಲ್ಲ ಪರಿಚಿತ: ಕೊಟ್ಟ ಭೂಮಿಯನ್ನು ಕಸಿದುಕೊಂಡವನಿಗೆ ಅರವತ್ತು ಸಾವಿರ ವರ್ಷಗಳ ದುರ್ಗತಿ. ಯಾಕೆ ಅಷ್ಟು ಕಠಿಣ ಶಾಪ? ಭೂಮಿಯ ಸ್ವಭಾವವೇ ಹಾಗೆ. ಒಂದು ನಿವರ್ತನ ನೆಲ ಒಬ್ಬನ ಕೈಯಲ್ಲಿದ್ದರೆ ಇನ್ನೊಬ್ಬನ ಕೈಯಲ್ಲಿರದು. ಕಸಿದವನಿಗೆ ದಕ್ಕಿದ್ದು ಕೊಟ್ಟವನಿಗೆ ತಪ್ಪಿಯೇ ತೀರುತ್ತದೆ. ಆಸ್ತಿಯ ಕಾನೂನೆಲ್ಲ, ತಾಮ್ರಪಟದಿಂದ ಇಂದಿನ ಉತಾರದವರೆಗೆ, ಈ ಒಂದು ಸತ್ಯದ ಮೇಲೆ ನಿಂತಿದೆ.

ಗ್ರಂಥದ ದಾನ ಹಾಗಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ದಾನಗಳನ್ನು ಎಣಿಸುವ ಜೈನ ಪರಂಪರೆಯಲ್ಲಿ ಶಾಸ್ತ್ರದಾನಕ್ಕೆ ವಿಚಿತ್ರವಾದ ಒಂದು ಗುಣವಿದೆ: ಕೊಟ್ಟವನಲ್ಲಿ ಅದು ಕಡಿಮೆಯಾಗುವುದಿಲ್ಲ. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಮಲ್ಲಪ ಮತ್ತು ಪುನ್ನಮಯ್ಯ. ಆ ಮಲ್ಲಪನ ಮಗಳು ಅತ್ತಿಮಬ್ಬೆ ಅದೇ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಈ ಪ್ರಸಂಗವನ್ನು ನಾವು ಪ್ರತಿ ವರ್ಷ ಪಾಠ ಹೇಳುತ್ತೇವೆ, ದಾನಚಿಂತಾಮಣಿಯ ಔದಾರ್ಯವನ್ನು ಕೊಂಡಾಡುತ್ತೇವೆ. ಆದರೆ ಲಿಪಿಕಾರರ ದೃಷ್ಟಿಯಿಂದ ಅದನ್ನು ಯೋಚಿಸುವುದು ಕಡಿಮೆ. ಸಾವಿರ ಪ್ರತಿಗಳೆಂದರೆ ಅಷ್ಟು ಓಲೆಗರಿಗಳನ್ನು ಬೇಯಿಸಿ, ಒಣಗಿಸಿ, ಅಳತೆಗೆ ಕತ್ತರಿಸಿ, ಕಂಠದಿಂದ ಕೊರೆದು, ಮಸಿ ತುಂಬಿ, ದಾರ ಕಟ್ಟಬೇಕು. ಅತ್ತಿಮಬ್ಬೆ ಕೊಟ್ಟದ್ದು ಕೃತಿಗೆ ಬೆಲೆಯನ್ನಲ್ಲ, ಕೈಗಳಿಗೆ ಕೂಲಿಯನ್ನು. ನಕಲು ಮಾಡುವುದು ಪುಣ್ಯ, ನಕಲು ಮಾಡಿದವನಿಗೆ ಅನ್ನ ಕೊಡುವುದು ಕರ್ತವ್ಯ. ಹತ್ತನೆಯ ಶತಮಾನದ ಹಕ್ಕುಸ್ವಾಮ್ಯವೆಂಬುದು ಇದ್ದರೆ ಅದು ಇದು.

ಆದರೆ ನಮ್ಮ ಪರಂಪರೆಯೆಲ್ಲ ಹಂಚಿಕೆಯದೇ ಎಂದು ಹೆಮ್ಮೆಪಡುವ ಮೊದಲು ಮೂಡುಬಿದಿರೆಯ ಕಥೆಯನ್ನು ನೆನೆಯಬೇಕು. ಷಟ್ಖಂಡಾಗಮದ ಮೇಲಿನ ವೀರಸೇನರ ಧವಲಾ ಟೀಕೆ, ಕಷಾಯಪ್ರಾಭೃತದ ಮೇಲಿನ ಜಯಧವಲಾ, ಮಹಾಧವಲಾ ಎಂದು ಕರೆಯುವ ಮಹಾಬಂಧ, ಈ ಮೂರೂ ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಶತಮಾನಗಳ ಕಾಲ ಅವು ಓದುವ ಗ್ರಂಥಗಳಾಗಿರದೆ ದರ್ಶನದ ವಸ್ತುಗಳಾಗಿದ್ದವು. ಯಾತ್ರಿಕರು ದೂರದಿಂದ ಕೈಮುಗಿದು ಹೋಗುತ್ತಿದ್ದರು. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಬಂದು ಆ ಗರಿಗಳ ಸ್ಥಿತಿ ಕಂಡು ಕಳವಳಗೊಂಡರು; ಸೊಲ್ಲಾಪುರದ ಹಿರಾಚಂದ ನೇಮಚಂದರಿಗೆ ತಿಳಿಸಿದರು. ನಕಲು ಮಾಡಿಸಲು ಅಲ್ಲಿನವರನ್ನು ಒಪ್ಪಿಸುವುದಕ್ಕೇ ಹತ್ತಾರು ವರ್ಷ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜಿನ ಗಜಪತಿ ಉಪಾಧ್ಯಾಯರೂ ಕೂತು ಪ್ರತಿ ಮಾಡತೊಡಗಿದರು. ಮೂರೂ ಗ್ರಂಥಗಳ ಕೆಲಸ ಮುಗಿಯುವಾಗ 1922 ಆಗಿತ್ತು. ಕರಾರು ಒಂದೇ: ಪ್ರತಿ ಮೂಡುಬಿದಿರೆಯ ಹೊರಗೆ ಹೋಗತಕ್ಕದ್ದಲ್ಲ.

ಇಲ್ಲಿ ಕಥೆ ತಿರುಗುತ್ತದೆ. ಹೀರಾಲಾಲ ಜೈನರು ತಮ್ಮ ಆವೃತ್ತಿಯ ಪ್ರಸ್ತಾವನೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ. ಗಜಪತಿ ಉಪಾಧ್ಯಾಯರು ಹಗಲು ಭಂಡಾರಕ್ಕಾಗಿ ನಾಗರಿ ಲಿಪಿಯಲ್ಲಿ ಬರೆಯುತ್ತಲೇ, ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಸಿದ್ಧಪಡಿಸಿದರು. ಆ ಪ್ರತಿಯನ್ನು ಮೊದಲು ಮಾಣಿಕಚಂದ, ಹಿರಾಚಂದರಿಗೆ ಕೊಡಲು ಹೋದಾಗ, ಹೀಗೆ ಬಂದದ್ದನ್ನು ಕೊಳ್ಳುವುದು ಸರಿಯಲ್ಲವೆಂದು ಅವರು ನಿರಾಕರಿಸಿದರು. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಕೊಂಡು ತಮ್ಮ ಮಂದಿರದಲ್ಲಿಟ್ಟರು. ಅಲ್ಲಿ ಅದಕ್ಕೆ ನಾಗರಿ ಪ್ರತಿ ಮಾಡಲು ನೇಮಕಗೊಂಡ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಉಳಿಸಿಕೊಂಡರು! ಆ ಪ್ರತಿಯಿಂದ ಪ್ರತಿಗಳಾಗಿ ಆರಾ, ಸಾಗರ, ಕಾರಂಜಾ ಮುಂತಾದೆಡೆ ಹರಡಿದವು. ಅಮರಾವತಿಯಲ್ಲಿ ಹೀರಾಲಾಲರು ಅವುಗಳ ಆಧಾರದ ಮೇಲೆ 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದರು. ನಮ್ಮ ಸದಲಗಾದ ಆ.ನೇ. ಉಪಾಧ್ಯೆಯವರು ಅವರಿಗೆ ಸಂಶೋಧನೆಯಲ್ಲಿ ನೆರವಾದರು. ಹದಿನಾರು ಸಂಪುಟಗಳು ಮುಗಿದದ್ದು 1958ರಲ್ಲಿ. ಮುದ್ರಣ ತೊಡಗಿದ ಮೇಲೆ ಮೂಡುಬಿದಿರೆಯವರೂ ಮನಸ್ಸು ತೆರೆದು, ಮೂಲ ಓಲೆಗಳೊಡನೆ ಪಾಠ ಹೋಲಿಸಿಕೊಡಲು ಸಹಕರಿಸಿದರು.

ಗಜಪತಿ ಉಪಾಧ್ಯಾಯರದು ಕಳವೇ? ಈ ಪ್ರಶ್ನೆಯನ್ನು ಎಂ.ಎ. ತರಗತಿಯಲ್ಲಿ ಇಟ್ಟಾಗ ವಿದ್ಯಾರ್ಥಿಗಳು ಪ್ರತಿ ವರ್ಷ ಇಬ್ಭಾಗವಾಗುತ್ತಾರೆ. ಕರಾರು ಮುರಿದದ್ದು ನಿಜ, ಹಣ ಪಡೆದದ್ದೂ ನಿಜ. ಆದರೆ ಹಲಸಿಯ ತಾಮ್ರಪಟದ ಅರ್ಥದಲ್ಲಿ ಅವರು ಏನನ್ನೂ ಕಸಿಯಲಿಲ್ಲ. ಮೂಡುಬಿದಿರೆಯ ಒಂದು ಗರಿಯೂ ಕಡಿಮೆಯಾಗಲಿಲ್ಲ. ನನ್ನ ತೀರ್ಮಾನ ಹೇಳುವುದಾದರೆ, ಭಂಡಾರದವರು ಕಾಪಾಡಿದ್ದರಿಂದ ಗ್ರಂಥ ಉಳಿಯಿತು, ಉಪಾಧ್ಯಾಯರು ಗುಟ್ಟಾಗಿ ಬರೆದುಕೊಂಡದ್ದರಿಂದ ಅದು ಬೆಳಕು ಕಂಡಿತು. ಇಬ್ಬರಿಗೂ ಮರ್ಯಾದೆ ಸಲ್ಲುವಂಥ ಕಾನೂನು ಅಂದು ಇರಲಿಲ್ಲ. ಇಂದೂ ಇದೆಯೆಂದು ಹೇಳಲು ನನಗೆ ಧೈರ್ಯ ಸಾಲದು.

ಇಂದು ಓಲೆಯ ಮೇಲಿನ ಒಡೆತನಕ್ಕೆ 1972ರ ಪ್ರಾಚ್ಯವಸ್ತು ಕಾಯಿದೆಯಿದೆ. 75 ವರ್ಷ ಮೀರಿದ ಮೌಲಿಕ ಹಸ್ತಪ್ರತಿ ಅದರ ವ್ಯಾಪ್ತಿಗೆ ಬರುತ್ತದೆ, ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಕೃತಿಯ ಮೇಲಿನ ಒಡೆತನಕ್ಕೆ 1957ರ ಹಕ್ಕುಸ್ವಾಮ್ಯ ಕಾಯಿದೆಯಿದೆ. ಆದರೆ ಇವೆರಡರ ನಡುವೆ ಇರುವ ಬಿಂಬ, ಎಂದರೆ ಓಲೆಯ ಡಿಜಿಟಲ್ ಚಿತ್ರ, ಯಾರದು? ಅಮೆರಿಕದ ನ್ಯಾಯಾಲಯವೊಂದು 1999ರಲ್ಲೇ, ಹಳೆಯ ಚಿತ್ರದ ಯಥಾವತ್ ಛಾಯಾಚಿತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲವೆಂದಿತು. ಯುರೋಪಿನ ಒಕ್ಕೂಟ 2019ರ ನಿರ್ದೇಶನದಲ್ಲಿ ಅದನ್ನೇ ದೃಶ್ಯಕಲೆಯ ಮಟ್ಟಿಗೆ ಬರೆದಿಟ್ಟಿತು. ನಮ್ಮ ಕಾಯಿದೆಯಲ್ಲಿ ಇಷ್ಟು ನೇರವಾದ ಮಾತಿಲ್ಲ. ಹೀಗಾಗಿ ಬಿಂಬ ಯಾರ ಕಪಾಟಿನಲ್ಲಿದೆಯೋ ಅವರದೇ ಆಗಿಬಿಡುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಖಾಸಗಿ ಭಂಡಾರಕ್ಕೆ ಹೋಗಿದ್ದೆ. ನನಗೆ ಬೇಕಾಗಿದ್ದ ಕಟ್ಟಿನ ಎರಡು ಗರಿಗಳನ್ನು ಮಾತ್ರ ಬಿಡಿಸಿ ತೋರಿಸಿದರು. ಮೊಬೈಲು ಹೊರಗಿಡಲು ಹೇಳಿದರು. ಗರಿ ಮುರಿದೀತೆಂಬ ಭಯ ನ್ಯಾಯವಾದದ್ದೇ. ಸಾವಿರ ಕೈಗಳಲ್ಲಿ ಹಾದುಹೋದ ಓಲೆ ಉಳಿಯುವುದಿಲ್ಲ. ಮುಂದೆ ಅಲ್ಲಿನ ಕಟ್ಟುಗಳನ್ನೆಲ್ಲ ಯಾರೋ ಬಂದು ಡಿಜಿಟಲೀಕರಣ ಮಾಡಿಹೋದರೆಂದು ತಿಳಿದು ಸಂತೋಷದಿಂದ ಮತ್ತೆ ಹೋದೆ. ಆ ಬಿಂಬಗಳ ಹಾರ್ಡ್ ಡಿಸ್ಕ್ ಈಗ ಓಲೆಗಳ ಪಕ್ಕದಲ್ಲೇ, ಅದೇ ಕಪಾಟಿನಲ್ಲಿ, ಅದೇ ಬೀಗದ ಒಳಗಿದೆ. ಹಾರ್ಡ್ ಡಿಸ್ಕಿನ ಬಿಂಬಕ್ಕೆ ಮುರಿಯುವ ಭಯವೆಲ್ಲಿಯದು? ಶ್ರುತಪಂಚಮಿಯಂದು ಅದಕ್ಕೂ ಅಕ್ಷತೆ ಹಾಕುತ್ತಾರೋ ಏನೋ ಕೇಳಲಿಲ್ಲ. ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಮುಂಗಡಪತ್ರದಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಗುರುತಿಸಿ ಸಂರಕ್ಷಿಸುವ ಯೋಜನೆಯನ್ನು ಪ್ರಕಟಿಸಿತು. ಸ್ಕ್ಯಾನ್ ಮಾಡುವುದಕ್ಕೆ ಹಣವಿದೆ. ಸಾರ್ವಜನಿಕ ಹಣದಿಂದ ತೆಗೆದ ಬಿಂಬ ಸಾರ್ವಜನಿಕರಿಗೆ ಸಿಗಬೇಕೆಂಬ ಒಂದು ಸಾಲನ್ನು ಕಾನೂನಿನಲ್ಲಿ ಸೇರಿಸುವುದಕ್ಕೆ ಖರ್ಚು ತಗಲುವುದಿಲ್ಲ.

ಇನ್ನು ಮುದ್ರಿತ ಪುಸ್ತಕಗಳ ಮಾತು. ಲೇಖಕನ ಜೀವಿತಾವಧಿ ಮತ್ತು ನಂತರದ 60 ವರ್ಷ ಹಕ್ಕು ಇರುತ್ತದೆ. ಮೊದಲು 50 ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಲಿದ್ದಾಗ ಹತ್ತು ವರ್ಷ ಸೇರಿಸಿದರು. ಒಬ್ಬ ಮಹಾಕವಿಗಾಗಿ ಆದ ತಿದ್ದುಪಡಿ ಇಡೀ ದೇಶದ ಎಲ್ಲ ಭಾಷೆಗಳ ಎಲ್ಲ ಪುಸ್ತಕಗಳಿಗೂ ಅನ್ವಯಿಸಿತು. ಯಾರೂ ಮರುಮುದ್ರಿಸದ ವ್ಯಾಕರಣ ಪುಸ್ತಕಕ್ಕೂ ಹತ್ತು ವರ್ಷ ಹೆಚ್ಚುವರಿ ಬೀಗ ಬಿತ್ತು.

2025ರ ಜನವರಿ 1 ನಮ್ಮ ಭಾಗಕ್ಕೆ ಒಂದು ಹಬ್ಬದ ದಿನವಾಗಬೇಕಿತ್ತು. 1964ರಲ್ಲಿ ತೀರಿಕೊಂಡ ಆಲೂರು ವೆಂಕಟರಾಯರ ಮತ್ತು ಫ.ಗು. ಹಳಕಟ್ಟಿಯವರ ಕೃತಿಗಳು ಅಂದು ಸಮಸ್ತರ ಸೊತ್ತಾದವು. ಪತ್ರಿಕೆಗಳಲ್ಲಿ ಅದರ ಸುದ್ದಿ ನನ್ನ ಕಣ್ಣಿಗೆ ಬೀಳಲಿಲ್ಲ. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲೇ, ಚೌಧರಿಯವರ ಮಹಾವೀರ ಮುದ್ರಣಾಲಯದಲ್ಲಿ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹಿಂದೆ ಬಂದ ವಚನಗಳ ಕಟ್ಟು ಮಹಾವೀರನ ಹೆಸರಿನ ಅಚ್ಚುಕೂಟದಲ್ಲಿ ಪುಸ್ತಕವಾಯಿತು. ವಚನಗಳಿಗಾಗಿ ಮನೆಯನ್ನೇ ಮಾರಿಕೊಂಡ ಹಳಕಟ್ಟಿಯವರಿಗೆ ಹಕ್ಕುಸ್ವಾಮ್ಯದಿಂದ ಬಂದದ್ದೇನು ಎಂದು ಲೆಕ್ಕ ಹಾಕಿದರೆ ಕಾನೂನು ಯಾರನ್ನು ಕಾಯುತ್ತದೆಂಬುದರ ಬಗ್ಗೆ ಅನುಮಾನ ಹುಟ್ಟುತ್ತದೆ.

ಉಪಾಧ್ಯೆಯವರು ತೀರಿಕೊಂಡದ್ದು 1975ರ ಅಕ್ಟೋಬರಿನಲ್ಲಿ. ಅವರ ಬರಹಗಳು 2036ರ ಜನವರಿ 1ರಂದು ಮುಕ್ತವಾಗುತ್ತವೆ. ಅಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ. ಆದರೆ ಅವರು ಸಂಪಾದಿಸಿದ ಪ್ರಾಕೃತ ಗ್ರಂಥಗಳ ಮೂಲಪಾಠ? ಪ್ರವಚನಸಾರ ಕುಂದಕುಂದಾಚಾರ್ಯರದು, ಯಾರ ಹಕ್ಕಿಗೂ ಒಳಪಟ್ಟದ್ದಲ್ಲ. ಹಲವು ಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಆರಿಸುವುದು ಸಂಪಾದಕನ ವಿವೇಚನೆ. ಆ ಆಯ್ಕೆಗೆ ಹಕ್ಕುಂಟೇ? 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ನಡುವಣ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಹತ್ತಿರದ ಪ್ರಶ್ನೆಯನ್ನು ಎತ್ತಿಕೊಂಡಿತು. ನ್ಯಾಯಾಲಯದ ತೀರ್ಪುಗಳು ಎಲ್ಲರವು. ಅವನ್ನು ಸಂಪಾದಿಸಿ ಅಚ್ಚು ಹಾಕಿದ ಪ್ರಕಾಶಕರ ಪಾಲೆಷ್ಟು ಎಂಬುದು ವಿವಾದ. ಬರಿಯ ಶ್ರಮ ಸಾಲದು, ಸ್ವಲ್ಪವಾದರೂ ವಿವೇಚನೆಯ ಸೃಜನಶೀಲತೆ ಬೇಕು ಎಂದು ಕೋರ್ಟು ಹೇಳಿತು. ಕಾಗುಣಿತ ತಿದ್ದಿದ್ದಕ್ಕೆ ಹಕ್ಕಿಲ್ಲ. ಓದಿ ಅರ್ಥಮಾಡಿಕೊಂಡು ಪರಿಚ್ಛೇದಗಳನ್ನು ವಿಂಗಡಿಸಿದ್ದಕ್ಕೆ ಹಕ್ಕಿದೆ. ಈ ಅಳತೆಗೋಲನ್ನು ಹಳಗನ್ನಡಕ್ಕೆ ಹಿಡಿದರೆ ತಮಾಷೆಯಾಗಿರುತ್ತದೆ. ಒಳ್ಳೆಯ ಸಂಪಾದಕನ ಗುರಿ ಕವಿ ಬರೆದದ್ದನ್ನೇ ಮರಳಿ ಪಡೆಯುವುದು. ಅವನು ಪೂರ್ತಿ ಯಶಸ್ವಿಯಾದರೆ ಪಂಪನ ಮಾತು ಪಂಪನದೇ, ಸಂಪಾದಕನಿಗೆ ಹಕ್ಕಿಲ್ಲ. ತಪ್ಪು ಪಾಠ ಊಹಿಸಿದ್ದರೆ ಆ ಊಹೆ ಸ್ವಂತದ್ದು, ಅದಕ್ಕೆ ಹಕ್ಕುಂಟು! ಜರ್ಮನಿಯ ಕಾನೂನು ಇದನ್ನು ಬೇರೆ ರೀತಿಯಲ್ಲಿ ಬಗೆಹರಿಸಿದೆ: ಶಾಸ್ತ್ರೀಯ ಸಂಪಾದನೆಗೆ ಪ್ರತ್ಯೇಕವಾಗಿ 25 ವರ್ಷಗಳ ಹಕ್ಕು, ಅಷ್ಟೇ. ಪೀಠಿಕೆ, ಟಿಪ್ಪಣಿಗಳಿಗೆ ಎಂದಿನ ಹಕ್ಕು ಇರಲಿ. ಪಾಠಕ್ಕೆ ಮಾತ್ರ ಇಂಥ ಮಿತವಾದ ಅವಧಿ ನಮ್ಮಲ್ಲೂ ಬರಬೇಕೆಂಬುದು ನನ್ನ ಅಭಿಮತ.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಅನಾಥ ಪುಸ್ತಕಗಳು. ಬೆಳಗಾವಿ, ಶೇಡಬಾಳ, ಸಾಂಗಲಿ, ಹುಬ್ಬಳ್ಳಿಗಳಲ್ಲಿ ಕಳೆದ ಶತಮಾನದ ನಡುಭಾಗದಲ್ಲಿ ಎಷ್ಟೋ ಕಿರುಪುಸ್ತಕಗಳು ಅಚ್ಚಾದವು: ಶ್ರಾವಕಾಚಾರದ ಕೈಪಿಡಿಗಳು, ಕ್ಷೇತ್ರಪರಿಚಯಗಳು, ಹಾಡುಗಬ್ಬಗಳು. ಮುದ್ರಣಾಲಯ ಮುಚ್ಚಿದೆ. ಲೇಖಕರ ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇದ್ದಾರೆ. ಇಂಥದೊಂದು ಪುಸ್ತಕವನ್ನು ಮರುಮುದ್ರಿಸಲು ನಾನು ಹಕ್ಕುದಾರರನ್ನು ಹುಡುಕುತ್ತ ಹೋದಾಗ, ಒಂದು ಹಳ್ಳಿಯಲ್ಲಿ ಲೇಖಕರ ಮೊಮ್ಮಗ ಸಿಕ್ಕ. ವಿಷಯ ತಿಳಿಸಿದೆ. "ಸರ, ಅಜ್ಜನ ಪುಸ್ತಕಾ ಈಗ ಯಾರ ಓದತಾರ್ರಿ? ನೀವ ತಗೊಂಡ ಹೋಗ್ರಿ" ಎಂದು ಇದ್ದ ಒಂದೇ ಪ್ರತಿಯನ್ನು ಕೈಗಿಟ್ಟ. ಸಹಿ ಮಾಡಿಕೊಡಲು ಮಾತ್ರ ಒಪ್ಪಲಿಲ್ಲ. ಚಿಕ್ಕಪ್ಪಂದಿರು ನಾಲ್ವರು, ಜಮೀನಿನ ವ್ಯಾಜ್ಯ ನಡೆದಿದೆ, ಯಾವ ಕಾಗದಕ್ಕೂ ಸಹಿ ಬೇಡವೆಂದು ವಕೀಲರು ಹೇಳಿದ್ದಾರೆ. ಪುಸ್ತಕ ಜಮೀನಲ್ಲವೆಂದು ಅವನಿಗೆ ವಿವರಿಸಿದೆ. ಅವನು ಕೇಳಿಸಿಕೊಂಡ, ಚಹಾ ತರಿಸಿದ, ಸಹಿ ಮಾಡಲಿಲ್ಲ.

ಕಾಯಿದೆಯ 31ಎ ಕಲಮು ಇಂಥ ಸಂದರ್ಭಕ್ಕೆಂದೇ ಇದೆ: ಒಡೆಯ ಸತ್ತಿದ್ದರೆ, ತಿಳಿಯದಿದ್ದರೆ, ಸಿಗದಿದ್ದರೆ ಪ್ರಕಟಣೆಗೆ ಪರವಾನಗಿ ಕೇಳಬಹುದು. ಅರ್ಜಿಗೆ ಮುನ್ನ ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಜಾಹೀರಾತು ಕೊಡಬೇಕು. ಕನ್ನಡ ಪುಸ್ತಕದ ಕನ್ನಡ ವಾರಸುದಾರನನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಬೇಕು. ಅನುವಾದ ಪ್ರಕಟಿಸುವುದಾದರೆ ಮಾತ್ರ ಆ ಭಾಷೆಯ ಪತ್ರಿಕೆಯಲ್ಲೂ ಕೊಡತಕ್ಕದ್ದು. ಅರ್ಜಿ ಕೇಳುತ್ತಿದ್ದ ಮಂಡಳಿಗಳು ಒಂದರ ಹಿಂದೆ ಒಂದು ರದ್ದಾಗಿ 2021ರಿಂದ ಅದು ವಾಣಿಜ್ಯ ನ್ಯಾಯಾಲಯಗಳ ಪಾಲಾಗಿದೆ. ಎಂಬತ್ತು ಪುಟದ, ಮೂಲ ಬೆಲೆ ಹನ್ನೆರಡು ಆಣೆಯ ಪುಸ್ತಕಕ್ಕಾಗಿ ವಾಣಿಜ್ಯ ದಾವೆ ಹೂಡುವ ಕನ್ನಡ ಮೇಷ್ಟರು ಇನ್ನೂ ಹುಟ್ಟಬೇಕಾಗಿದೆ.

2012ರ ತಿದ್ದುಪಡಿ ಗ್ರಂಥಾಲಯಗಳಿಗೆ ಒಂದು ಕಿಟಕಿ ತೆರೆಯಿತು. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಭಾರತದಲ್ಲಿ ಮಾರಾಟಕ್ಕಿಲ್ಲದ ಪುಸ್ತಕದ ಪ್ರತಿಗಳನ್ನು ಗ್ರಂಥಾಲಯದ ಉಪಯೋಗಕ್ಕೆ ಮಾಡಿಕೊಳ್ಳಬಹುದೆಂಬ ಕಲಮು ಮೊದಲೇ ಇತ್ತು. ಎಷ್ಟು ಪ್ರತಿ? ಮೂರಕ್ಕೆ ಮೀರದಂತೆ. ಅತ್ತಿಮಬ್ಬೆ ಇಂದು ಇದ್ದಿದ್ದರೆ ಉಳಿದ ಒಂಬೈನೂರ ತೊಂಬತ್ತೇಳು ಪ್ರತಿಗಳಿಗೆ ಉತ್ತರ ಹೇಳಬೇಕಾಗುತ್ತಿತ್ತು.

ಕೋರ್ಟುಗಳು ಕಾನೂನಿಗಿಂತ ಉದಾರವಾಗಿ ವರ್ತಿಸಿದ್ದೂ ಉಂಟು. ದೆಹಲಿ ವಿಶ್ವವಿದ್ಯಾಲಯದ ಆವರಣದ ಸಣ್ಣ ಝೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶಕರು ದಾವೆ ಹೂಡಿದರು. ಬೋಧನೆಯ ಅಂಗವಾಗಿ ಮಾಡಿದ ನಕಲು ಉಲ್ಲಂಘನೆಯಲ್ಲವೆಂದು ದೆಹಲಿ ಹೈಕೋರ್ಟು 2016ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಡಿಸೆಂಬರಿನಲ್ಲಿ ದ್ವಿಸದಸ್ಯ ಪೀಠ ಆ ನಿಲುವನ್ನು ಮೂಲತಃ ಎತ್ತಿಹಿಡಿಯಿತು. ಮುಂದಿನ ವರ್ಷ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು. ಆ ತೀರ್ಪು ಬಂದ ದಿನ ನಮ್ಮ ಕಾಲೇಜಿನೆದುರಿನ ಝೆರಾಕ್ಸ್ ಅಂಗಡಿಯವನಿಗೆ ಸುದ್ದಿ ಹೇಳಿದೆ. ತನ್ನ ಮೇಲೆ ಅಂಥ ಆಪತ್ತು ಇದ್ದದ್ದೇ ಅವನಿಗೆ ಗೊತ್ತಿರಲಿಲ್ಲ.

ಆದರೆ ಝೆರಾಕ್ಸ್ ಮಾಡಲು ಕೈಯಲ್ಲಿ ಪುಸ್ತಕವಿರಬೇಕು. ಇ-ಪುಸ್ತಕವನ್ನು ನಾವು ಕೊಳ್ಳುವುದಿಲ್ಲ, ಓದುವ ಅನುಮತಿಯನ್ನಷ್ಟೇ ಪಡೆಯುತ್ತೇವೆ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿ, ಮಾರಿದವರಿಗೆ ಹಕ್ಕಿರಲಿಲ್ಲವೆಂದು, ಗಿರಾಕಿಗಳ ಕಿಂಡಲ್ ಯಂತ್ರಗಳಿಂದ ಜಾರ್ಜ್ ಆರ್ವೆಲ್ಲರ ಪುಸ್ತಕಗಳನ್ನು ರಾತ್ರೋರಾತ್ರಿ ಅಳಿಸಿತು. ಯಾವ ಭಟ್ಟಾರಕರಿಗೂ ಇಂಥ ಅಧಿಕಾರ ಇರಲಿಲ್ಲ; ಮೂಡುಬಿದಿರೆಯಿಂದ ಹೊರಬಿದ್ದ ಪ್ರತಿಯನ್ನು ಸಹಾರನಪುರದ ಕಪಾಟಿನಿಂದ ಮಾಯಮಾಡಲು ಯಾವ ಮಂತ್ರವೂ ಇರಲಿಲ್ಲ. ಕಾಲೇಜು ಗ್ರಂಥಾಲಯ ಚಂದಾ ನಿಲ್ಲಿಸಿದ ದಿನ ಹಳೆಯ ವರ್ಷಗಳ ಪತ್ರಿಕೆಗಳೂ ಕಣ್ಮರೆಯಾಗುತ್ತವೆ. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ 'ಒಂದು ದೇಶ, ಒಂದು ಚಂದಾ' ಯೋಜನೆ ಮೂರು ವರ್ಷಗಳಿಗೆ 6000 ಕೋಟಿ ರೂಪಾಯಿ ತೆತ್ತು ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆಯಿತು. ಒಳ್ಳೆಯದೇ. ಆದರೆ ಅದು ಮೂವತ್ತು ಅಂತಾರಾಷ್ಟ್ರೀಯ ಪ್ರಕಾಶಕರಿಗೆ ಕೊಟ್ಟ ಬಾಡಿಗೆ. ಮೂರು ವರ್ಷಗಳ ನಂತರ ಮನೆ ಅವರದೇ.

ಕೆಲವರ ಕೈಯಲ್ಲೇ ಎಲ್ಲವೂ ಸೇರುವ ಈ ಭಯವನ್ನು ಗೂಗಲ್ ಬುಕ್ಸ್ ಪ್ರಕರಣ ಚೆನ್ನಾಗಿ ತೋರಿಸಿತು. ಗ್ರಂಥಾಲಯಗಳ ಲಕ್ಷಾಂತರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ ಆ ಕಂಪನಿ ಲೇಖಕರ, ಪ್ರಕಾಶಕರ ಸಂಘಗಳೊಡನೆ ರಾಜಿ ಮಾಡಿಕೊಂಡಿತ್ತು. 2011ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಡೆನ್ನಿ ಚಿನ್ ಆ ರಾಜಿಯನ್ನು ತಿರಸ್ಕರಿಸಿದರು; ಅನಾಥ ಪುಸ್ತಕಗಳ ಮೇಲೆ ಒಂದೇ ಕಂಪನಿಗೆ ಏಕಸ್ವಾಮ್ಯ ದೊರೆತೀತೆಂಬುದು ಒಂದು ಕಾರಣ. ಭಂಡಾರವೊಂದು ತನ್ನ ಓಲೆಗಳನ್ನು ಮುಚ್ಚಿಟ್ಟರೆ ಅದು ಸಂಕೋಚ. ಜಗತ್ತಿನ ಎಲ್ಲ ಭಂಡಾರಗಳ ಬಿಂಬಗಳೂ ಒಂದೇ ಕಡೆ ಸೇರಿ ಮುಚ್ಚಿಕೊಂಡರೆ ಅದಕ್ಕೆ ಸ್ಪರ್ಧಾ ಕಾನೂನೇ ಬೇಕು. ಕನ್ನಡ ಪುಸ್ತಕಗಳಿಗೂ ಇದು ದೂರದ ಮಾತಲ್ಲ. ಭಾರತೀಯ ಡಿಜಿಟಲ್ ಗ್ರಂಥಾಲಯವೆಂಬ ಸರ್ಕಾರಿ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಆ ಜಾಲತಾಣ ನಿಂತಮೇಲೂ ನಮಗೆ ಸಿಗುತ್ತಿರುವುದು, ಅಮೆರಿಕದ ಇಂಟರ್ನೆಟ್ ಆರ್ಕೈವಿನಲ್ಲಿ ಅವುಗಳ ಪ್ರತಿಗಳು ಸೇರಿಕೊಂಡಿದ್ದರಿಂದ. ಅದು ನಮ್ಮ ಕಾಲದ ಸಹಾರನಪುರ.

ಎಲ್ಲ ಬೀಗಗಳೂ ಕಾನೂನಿನವಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಶೋಧಗಂಗಾದಲ್ಲಿರುವ ಹಲವು ಕನ್ನಡ ಮಹಾಪ್ರಬಂಧಗಳು ಎಲ್ಲರಿಗೂ ಉಚಿತ. ಆದರೆ ಅವು ಯೂನಿಕೋಡ್ ಪೂರ್ವದ ಅಕ್ಷರವಿನ್ಯಾಸದಲ್ಲೋ ಬರಿಯ ಚಿತ್ರರೂಪದಲ್ಲೋ ಇರುವುದರಿಂದ ಅವುಗಳ ಒಳಗೆ ಒಂದು ಪದವನ್ನು ಹುಡುಕಿದರೆ ಸಿಗದು. ನನ್ನದೂ ಆ ಕಾಲದ ನುಡಿ ತಂತ್ರಾಂಶದಲ್ಲಿ ಟೈಪಾದದ್ದು. ಕಳೆದ ಬೇಸಿಗೆ ರಜೆಯೆಲ್ಲ ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಅರ್ಕಾವೊತ್ತುಗಳನ್ನು ತಿದ್ದುವುದರಲ್ಲಿ ಕಳೆಯಿತು.

ಕನ್ನಡದಲ್ಲಿ ದಾರಿ ತೋರಿದವರಿದ್ದಾರೆ. 2014ರಲ್ಲಿ ನಿರಂಜನರ ಕೃತಿಗಳನ್ನು ಅವರ ಕುಟುಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನೂ ಹಾಗೆಯೇ ಬಿಟ್ಟುಕೊಟ್ಟಿತು. ಮುಂಚಿತವಾಗಿ ಬರೆದಿಡುವುದರ ಮಹತ್ವವನ್ನು ತಿಳಿಯಲು ಶಿವರಾಮ ಕಾರಂತರ ಪ್ರಕರಣವಿದೆ. ಅವರು 1994ರಲ್ಲಿ ಉಯಿಲು ಬರೆದಿದ್ದರು. ಅಷ್ಟಿದ್ದೂ ಅವರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರ ಜನವರಿಯಲ್ಲಿ ತೀರ್ಮಾನವಾಯಿತು. ಉಯಿಲಿನ ಶೇಷಭಾಗದ ಒಂದು ಕಲಮಿನ ಬಲದ ಮೇಲೆ ಆ ಹಕ್ಕು ಮಾಲಿನಿ ಮಲ್ಯ ಅವರಿಗೆ ಸೇರಿತು. ಕಾರಂತರಂಥವರಿಗೇ ಹೀಗಾದರೆ ಏನನ್ನೂ ಬರೆದಿಡದ ನಮ್ಮ ಊರಿನ ಲೇಖಕರ ಪಾಡೇನು?

ಆದ್ದರಿಂದ ಈಚೆಗೆ ಹಿರಿಯ ಲೇಖಕರ ಮನೆಗೆ ಹೋದಾಗಲೆಲ್ಲ ನಾನು ಒಂದು ಕಾಗದ ಒಯ್ಯುತ್ತೇನೆ. ಕಾಯಿದೆಯ 21ನೆಯ ಕಲಮಿನ ಪ್ರಕಾರ ಲೇಖಕನು ತನ್ನ ಹಕ್ಕನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಬಿಟ್ಟುಕೊಡಬಹುದು. 2012ರಿಂದ ಇದಕ್ಕೆ ಸಾರ್ವಜನಿಕ ಪ್ರಕಟಣೆಯೊಂದೇ ಸಾಕು. ಬಿಡಲೇಬೇಕೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಪುಸ್ತಕ ಮಾರಾಟವಾಗುತ್ತಿದ್ದರೆ ಬಿಡಬೇಡಿ, ಉಯಿಲಿನಲ್ಲಿ ಒಂದು ಸಾಲು ಬರೆಯಿರಿ ಎನ್ನುತ್ತೇನೆ. ಕಳೆದ ತಿಂಗಳು ನಿವೃತ್ತ ಅಧ್ಯಾಪಕರೊಬ್ಬರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಹಕ್ಕ ಬಿಟ್ಟ ಮ್ಯಾಲ ಪುಸ್ತಕದ ಮ್ಯಾಲ ನನ್ನ ಹೆಸರರ ಉಳೀತೈತೇನ್ರಿ?" ಎಂದು ಕೇಳಿದರು. ಉಳಿಯುತ್ತದೆ, 57ನೆಯ ಕಲಮು ಹೆಸರನ್ನು ಬೇರೆಯಾಗಿಯೇ ಕಾಯುತ್ತದೆ, ಕೃತಿಯನ್ನು ಕೆಡಿಸಿ ಹೆಸರಿಗೆ ಕುಂದು ತಂದರೆ ಆಕ್ಷೇಪಿಸುವ ಅಧಿಕಾರವನ್ನೂ ಉಳಿಸಿಕೊಡುತ್ತದೆ ಎಂದೆ. ಅವರು ಸಹಿ ಮಾಡಿದರು. ಆಮೇಲೆ ಒಳಗೆ ಹೋಗಿ, ಪುಸ್ತಕ ಅಚ್ಚಾದ ವರ್ಷವೇ ತಾವು ಕೈಯಾರೆ ಬರೆದಿಟ್ಟಿದ್ದ ನಾಲ್ಕು ಪುಟಗಳ ಒಪ್ಪೋಲೆಯನ್ನು ತಂದುಕೊಟ್ಟು, ಜಾಲಕ್ಕೆ ಏರಿಸುವ ಮೊದಲು ಇಷ್ಟೂ ತಪ್ಪುಗಳನ್ನು ತಿದ್ದಬೇಕೆಂದರು. ಮೂವತ್ತೊಂದು ತಿದ್ದಿದ್ದೇನೆ, ಇನ್ನೂ ಎರಡು ಪುಟ ಬಾಕಿ ಇವೆ.